ಅಮೆರಿಕದಲ್ಲಿ ಸರ್ಕಾರಿ ನೆರವಿನ ಮೊಬೈಲ್: ಕಡಿಮೆ ಆದಾಯದ ಕುಟುಂಬಗಳು ಲೈಫ್‌ಲೈನ್ ಸೌಲಭ್ಯ ಪಡೆಯುವ ಬಗೆ

ಅಮೆರಿಕದ ದೊಡ್ಡ ಊರುಗಳಲ್ಲಿ, ಬಡವರಿಗೆ ಆಹಾರದ ನೆರವು ಕೊಡುವ ಫುಡ್ ಸ್ಟ್ಯಾಂಪ್ ಕಚೇರಿಯ ಎದುರಿನ ಕಾಲುದಾರಿಯಲ್ಲೋ ಅಗ್ಗದ ದಿನಸಿ ಅಂಗಡಿಯ ಪಾರ್ಕಿಂಗ್ ಜಾಗದಲ್ಲೋ, ಮಡಚುವ ಮೇಜೊಂದನ್ನು ಹಾಕಿಕೊಂಡು, ‘ಸರ್ಕಾರದಿಂದ ಉಚಿತ ಫೋನ್’ ಎಂಬ ಬ್ಯಾನರ್ ಕಟ್ಟಿಕೊಂಡು, ಕೈಯಲ್ಲಿ ಟ್ಯಾಬ್ಲೆಟ್ ಹಿಡಿದು ಹಾದುಹೋಗುವವರನ್ನೆಲ್ಲ ಕರೆಯುವ ಯುವಕರು ಕಾಣಸಿಗುತ್ತಾರೆ. ಹತ್ತು ನಿಮಿಷದಲ್ಲಿ ಫೋನ್ ಕೈಗೆ ಬರುತ್ತದೆ ಎಂಬ ಮಾತು ಕೆಲವೊಮ್ಮೆ ನಿಜವೂ ಆಗುತ್ತದೆ. ಆದರೆ ಆ ಹತ್ತು ನಿಮಿಷದಲ್ಲಿ ತಾನು ಯಾವುದಕ್ಕೆ ಸಹಿ ಹಾಕಿದೆ, ಆ ಫೋನಿನ ಸಂಪರ್ಕ ಎಷ್ಟು ದಿನ ಉಳಿಯುತ್ತದೆ, ಅದು ನಿಂತುಹೋದರೆ ಯಾರನ್ನು ಕೇಳಬೇಕು ಎಂಬುದು ಫೋನ್ ಪಡೆದವರಿಗೆ ಹೆಚ್ಚಾಗಿ ತಿಳಿದಿರುವುದಿಲ್ಲ. ನಾನು ವಾಸಿಸುವ ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಶನಿವಾರಗಳಂದು ಹಿರಿಯರಿಗೆ ಸರ್ಕಾರಿ ಅರ್ಜಿಗಳನ್ನು ತುಂಬಿಕೊಡುವ ಕೆಲಸ ಮಾಡುತ್ತಾ ಬಂದಿದ್ದೇನೆ. ಅಲ್ಲಿಗೆ ಬರುವ ಕನ್ನಡದ ಕುಟುಂಬಗಳು ಕಡಿಮೆಯಾದರೂ, ಬಂದವರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ ಆಗಿರುವುದರಿಂದ ಈ ಬರಹ.

ಮೊದಲು ಹೆಸರನ್ನು ಸರಿಪಡಿಸಿಕೊಳ್ಳೋಣ. ಈ ಸೌಲಭ್ಯದ ಹೆಸರು ಲೈಫ್‌ಲೈನ್. ಇದನ್ನು ರೂಪಿಸಿದ್ದು ಎಫ್‌ಸಿಸಿ ಎಂದು ಕರೆಯಲ್ಪಡುವ ಫೆಡರಲ್ ಸಂಪರ್ಕ ಆಯೋಗ, ಅದರ ಪರವಾಗಿ ದಿನನಿತ್ಯದ ಆಡಳಿತ ನಡೆಸುವುದು ಯುಎಸ್‌ಎಸಿ ಎಂಬ ಸಂಸ್ಥೆ. ಇದು ಫೋನ್ ಕೊಡುವ ಯೋಜನೆಯೇ ಅಲ್ಲ. ಅರ್ಹ ಕುಟುಂಬದ ಫೋನ್ ಅಥವಾ ಇಂಟರ್‌ನೆಟ್ ಸೇವೆಗೆ ತಿಂಗಳಿಗೆ 9.25 ಡಾಲರ್‌ವರೆಗೆ, ಮೂಲನಿವಾಸಿ ಬುಡಕಟ್ಟುಗಳ ನೆಲದಲ್ಲಿ ವಾಸಿಸುವವರಿಗೆ 34.25 ಡಾಲರ್‌ವರೆಗೆ, ರಿಯಾಯಿತಿಯನ್ನು ಕಂಪನಿಯ ಮೂಲಕ ಕೊಡುವ ಯೋಜನೆ. ಈ ಹಣಕ್ಕೆ ಸರಿಹೊಂದುವಂತೆ ಕಂಪನಿಗಳು ಬಿಲ್ಲೇ ಇಲ್ಲದ ಯೋಜನೆಗಳನ್ನು ರೂಪಿಸಿಕೊಂಡಿವೆ. ಗ್ರಾಹಕರನ್ನು ಸೆಳೆಯಲು ಅವುಗಳಲ್ಲಿ ಕೆಲವು ತಮ್ಮ ಖರ್ಚಿನಲ್ಲಿ ಸಾಧಾರಣ ಆಂಡ್ರಾಯ್ಡ್ ಫೋನೊಂದನ್ನು ಜೊತೆಗೆ ಕೊಡುತ್ತವೆ. ಆದ್ದರಿಂದ ಸರ್ಕಾರದ ನಿಯಮದ ಪ್ರಕಾರ ನಿಮ್ಮ ಹಕ್ಕು ಇರುವುದು ಪ್ರತಿ ತಿಂಗಳ ಸೇವೆಯ ಮೇಲೆ. ಹ್ಯಾಂಡ್‌ಸೆಟ್ ಕಂಪನಿಯ ಮರ್ಜಿ. ಪರದೆ ಒಡೆದ ಫೋನನ್ನು ಹಿಡಿದುಕೊಂಡು ‘ಸರ್ಕಾರದವರು ಇನ್ನೊಂದು ಕೊಡುವುದಿಲ್ಲವೇ’ ಎಂದು ಕೇಳಿಕೊಂಡು ಬರುವವರಿಗೆ ನಾನು ಮೊದಲು ಹೇಳಬೇಕಾಗಿ ಬರುವುದು ಇದನ್ನೇ.

ಲೈಫ್‌ಲೈನ್ ಆರಂಭವಾದದ್ದು 1985ರಲ್ಲಿ, ರೇಗನ್ ಅಧ್ಯಕ್ಷರಾಗಿದ್ದಾಗ, ಮನೆಯ ತಂತಿ ದೂರವಾಣಿಗಳಿಗಾಗಿ. 2005ರಲ್ಲಿ ಬುಷ್ ಕಾಲದಲ್ಲಿ ಮೊಬೈಲ್‌ಗೆ ದಾರಿ ತೆರೆಯಿತು, 2016ರ ಆದೇಶದಿಂದ ಇಂಟರ್‌ನೆಟ್ ಸೇವೆಯೂ ಇದರೊಳಗೆ ಸೇರಿತು. ಹಾಗಿದ್ದೂ ಜನರ ಬಾಯಲ್ಲಿ ಇದು ‘ಒಬಾಮಾ ಫೋನ್’ ಆಗಿಯೇ ಉಳಿದಿದೆ. ಇದರ ಹಣ ಬರುವುದು ದೂರಸಂಪರ್ಕ ಕಂಪನಿಗಳು ಸಾರ್ವತ್ರಿಕ ಸೇವಾ ನಿಧಿಗೆ ಕಟ್ಟುವ ವಂತಿಗೆಯಿಂದ. ಆ ಕಂಪನಿಗಳು ಅದನ್ನು ‘ಯೂನಿವರ್ಸಲ್ ಸರ್ವಿಸ್’ ಎಂಬ ಸಾಲಿನಲ್ಲಿ ಎಲ್ಲ ಗ್ರಾಹಕರ ಬಿಲ್ಲಿಗೆ ಸೇರಿಸುತ್ತವೆ. ಭಾರತದಲ್ಲೂ ಕಂಪನಿಗಳಿಂದ ಇಂಥ ವಂತಿಗೆ ಪಡೆಯುವ ನಿಧಿಯೊಂದಿದೆ, ಈಗ ಅದನ್ನು ಡಿಜಿಟಲ್ ಭಾರತ್ ನಿಧಿ ಎನ್ನುತ್ತಾರೆ. ಆದರೆ ಅಲ್ಲಿ ಹಣ ಹೋಗುವುದು ಮುಖ್ಯವಾಗಿ ಹಳ್ಳಿಗಳಿಗೆ ಟವರ್ ಮತ್ತು ಕೇಬಲ್ ಒಯ್ಯುವುದಕ್ಕೆ, ಇಲ್ಲಿ ಅದರ ಒಂದು ಪಾಲು ನೇರವಾಗಿ ಬಡ ಕುಟುಂಬದ ಬಿಲ್ಲಿಗೆ ತಲುಪುತ್ತದೆ.

ಅರ್ಹತೆಯ ಎರಡು ದಾರಿಗಳು

ಮೊದಲನೆಯದು ನೆರವಿನ ಕಾರ್ಯಕ್ರಮಗಳ ದಾರಿ. ಅರ್ಜಿದಾರರಾಗಲಿ ಅವರ ಮನೆಯ ಇನ್ನೊಬ್ಬ ಸದಸ್ಯರಾಗಲಿ ಫುಡ್ ಸ್ಟ್ಯಾಂಪ್ ಎಂದು ರೂಢಿಯಲ್ಲಿರುವ ಸ್ನ್ಯಾಪ್, ಮೆಡಿಕೇಡ್, ವೃದ್ಧರು ಮತ್ತು ಅಂಗವಿಕಲರಿಗೆ ಸಿಗುವ ಎಸ್‌ಎಸ್‌ಐ, ಸೆಕ್ಷನ್ 8 ಮೊದಲಾದ ಫೆಡರಲ್ ವಸತಿ ನೆರವು, ಅಥವಾ ಮಾಜಿ ಸೈನಿಕರ ಪಿಂಚಣಿ ಮತ್ತು ಅವರ ಅವಲಂಬಿತರ ಪಿಂಚಣಿ, ಇವುಗಳಲ್ಲಿ ಯಾವುದಾದರೂ ಒಂದನ್ನು ಪಡೆಯುತ್ತಿದ್ದರೆ ಅಷ್ಟೇ ಸಾಕು, ಬೇರೆ ಆದಾಯದ ಲೆಕ್ಕ ಕೇಳುವುದಿಲ್ಲ. ಬುಡಕಟ್ಟು ನೆಲದವರಿಗೆ ಇನ್ನೂ ಕೆಲವು ಕಾರ್ಯಕ್ರಮಗಳು ಇದಕ್ಕೆ ಸೇರುತ್ತವೆ. ಇಲ್ಲಿ ಅತಿ ಹೆಚ್ಚು ಜನ ಎಡವುವುದು ಮೆಡಿಕೇಡ್ ಮತ್ತು ಮೆಡಿಕೇರ್ ಎಂಬ ಎರಡು ಹೆಸರುಗಳ ನಡುವೆ. ಅರವತ್ತೈದು ತುಂಬಿದವರಿಗೆ ಸಿಗುವ, ಕೆಂಪು, ಬಿಳಿ, ನೀಲಿ ಬಣ್ಣದ ಕಾರ್ಡಿನ ಮೆಡಿಕೇರ್‌ಗೂ ಲೈಫ್‌ಲೈನ್‌ಗೂ ಸಂಬಂಧವಿಲ್ಲ. ಕಡಿಮೆ ಆದಾಯದವರಿಗಾಗಿ ರಾಜ್ಯದ ಮೂಲಕ ಬರುವ ಮೆಡಿಕೇಡ್ ಮಾತ್ರ ಲೆಕ್ಕಕ್ಕೆ ಬರುತ್ತದೆ. ಅನೇಕ ರಾಜ್ಯಗಳು ಮೆಡಿಕೇಡ್‌ಗೆ ತಮ್ಮದೇ ಹೆಸರಿಟ್ಟಿವೆ. ಕ್ಯಾಲಿಫೋರ್ನಿಯಾದಲ್ಲಿ ಅದು ಮೆಡಿ-ಕ್ಯಾಲ್, ಮ್ಯಾಸಚೂಸೆಟ್ಸ್‌ನಲ್ಲಿ ಮಾಸ್‌ಹೆಲ್ತ್. ಕಾರ್ಡಿನ ಮೇಲೆ ‘ಮೆಡಿಕೇಡ್’ ಎಂಬ ಪದ ಕಾಣಲಿಲ್ಲವೆಂದು ಅರ್ಜಿಯನ್ನೇ ಹಾಕದೆ ಬಿಟ್ಟವರನ್ನೂ ನಾನು ನೋಡಿದ್ದೇನೆ. ಶಾಲೆಯ ಉಚಿತ ಊಟ, ಮನೆ ಬೆಚ್ಚಗಿಡುವ ಇಂಧನದ ನೆರವು, ಟ್ಯಾನ್ಫ್ ನಗದು ನೆರವು, ಇವು ಹಿಂದೆ ಪಟ್ಟಿಯಲ್ಲಿದ್ದವು. 2016ರ ಆದೇಶ ಇವನ್ನು ತೆಗೆದುಹಾಕಿತು. ಹಳೆಯ ಮಾಹಿತಿ ಹೇಳುವವರ ಮಾತನ್ನು ನಂಬಬೇಡಿ.

ಎರಡನೆಯದು ಆದಾಯದ ದಾರಿ. ಇಡೀ ಮನೆಯ ವಾರ್ಷಿಕ ಆದಾಯ ಫೆಡರಲ್ ಬಡತನ ಮಾರ್ಗಸೂಚಿಯ ಶೇಕಡಾ 135ಕ್ಕಿಂತ ಹೆಚ್ಚಿರಬಾರದು. 2025ರ ಮಾರ್ಗಸೂಚಿಯಂತೆ, ಅಲಾಸ್ಕಾ ಮತ್ತು ಹವಾಯಿ ಬಿಟ್ಟು ಉಳಿದ ರಾಜ್ಯಗಳಲ್ಲಿ, ಒಬ್ಬರೇ ಇರುವ ಮನೆಗೆ ಈ ಮಿತಿ ಸುಮಾರು 21,128 ಡಾಲರ್, ಇಬ್ಬರಿಗೆ 28,553, ಮೂವರಿಗೆ 35,978, ನಾಲ್ವರಿಗೆ 43,403 ಡಾಲರ್. ಮಾರ್ಗಸೂಚಿ ಪ್ರತಿ ವರ್ಷದ ಆರಂಭದಲ್ಲಿ ಪರಿಷ್ಕರಣೆಯಾಗುವುದರಿಂದ ಅರ್ಜಿ ಹಾಕುವ ದಿನದ ಅಂಕಿಯನ್ನು ನೋಡಿಕೊಳ್ಳಬೇಕು.

ಒಂದು ಒಲೆ, ಒಂದು ಸೌಲಭ್ಯ

ಒಂದು ಮನೆಗೆ ಒಂದೇ ಲೈಫ್‌ಲೈನ್. ಗಂಡನ ಮೊಬೈಲಿಗೊಂದು, ಹೆಂಡತಿಯ ಮೊಬೈಲಿಗೊಂದು, ಮನೆಯ ಇಂಟರ್‌ನೆಟ್‌ಗೆ ಮತ್ತೊಂದು ಎಂದು ಪಡೆಯುವಂತಿಲ್ಲ. ಹಾಗಾದರೆ ಮನೆ ಎಂದರೇನು ಎಂಬ ಪ್ರಶ್ನೆಯನ್ನು ನಿಯಮ ಬಹಳ ಸ್ಪಷ್ಟವಾಗಿ ಉತ್ತರಿಸುತ್ತದೆ: ಒಂದೇ ವಿಳಾಸದಲ್ಲಿ ವಾಸಿಸುತ್ತಾ, ಆದಾಯ ಮತ್ತು ಖರ್ಚುಗಳನ್ನು ಹಂಚಿಕೊಳ್ಳುವವರೆಲ್ಲ ಸೇರಿ ಒಂದು ಮನೆ. ನಮ್ಮ ಊರುಗಳಲ್ಲಿ ಅಣ್ಣತಮ್ಮಂದಿರು ಒಂದೇ ಸೂರಿನಡಿ ಇದ್ದರೂ ಒಲೆ ಬೇರೆಯಾಗಿದೆಯೇ ಎಂದು ವಿಚಾರಿಸಿ ಪಡಿತರ ಚೀಟಿಯ ಮಾತಾಡುವುದನ್ನು ಕಂಡವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಒಂದೇ ಅಪಾರ್ಟ್‌ಮೆಂಟನ್ನು ಬಾಡಿಗೆಗೆ ಹಂಚಿಕೊಂಡು, ಅವರವರ ಅಡುಗೆ ಅವರವರು ಮಾಡಿಕೊಂಡು, ಹಣದ ವ್ಯವಹಾರ ಬೇರೆ ಬೇರೆಯಾಗಿಟ್ಟುಕೊಂಡ ಇಬ್ಬರು ಕೆಲಸಗಾರರು ಎರಡು ಮನೆಗಳೆಂದು ಲೆಕ್ಕವಾಗುತ್ತಾರೆ. ವೃದ್ಧಾಶ್ರಮದಲ್ಲೋ ನಿರಾಶ್ರಿತರ ತಂಗುದಾಣದಲ್ಲೋ ಇರುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಒಂದೇ ವಿಳಾಸದಿಂದ ಎರಡನೆಯ ಅರ್ಜಿ ಬಂದಾಗ ‘ಹೌಸ್‌ಹೋಲ್ಡ್ ವರ್ಕ್‌ಶೀಟ್’ ಎಂಬ ಪ್ರಶ್ನಾವಳಿಯನ್ನು ತುಂಬಿ ಒಲೆ ಬೇರೆ ಎಂಬುದನ್ನು ಹೇಳಿಕೊಳ್ಳಬೇಕಾಗುತ್ತದೆ.

ಇದರ ಇನ್ನೊಂದು ಮುಖವನ್ನು ನಮ್ಮವರು ಗಮನವಿಟ್ಟು ಓದಬೇಕು. ಮಗನೋ ಮಗಳೋ ಇಲ್ಲಿ ಒಳ್ಳೆಯ ಸಂಬಳದ ಕೆಲಸದಲ್ಲಿದ್ದು, ತಂದೆತಾಯಿಯನ್ನು ಗ್ರೀನ್ ಕಾರ್ಡಿನ ಮೇಲೆ ಕರೆಸಿಕೊಂಡು, ಎಲ್ಲರೂ ಒಂದೇ ಮನೆಯಲ್ಲಿ ಉಂಡುಟ್ಟು ಇದ್ದಾಗ, ‘ಅಪ್ಪನಿಗೆ ಸ್ವಂತ ಆದಾಯವಿಲ್ಲವಲ್ಲ’ ಎಂದು ಆದಾಯದ ದಾರಿಯಲ್ಲಿ ಅರ್ಜಿ ಹಾಕುವುದು ತಪ್ಪಾಗುತ್ತದೆ, ಏಕೆಂದರೆ ಅಲ್ಲಿ ಲೆಕ್ಕಕ್ಕೆ ಬರುವುದು ಒಲೆಯ ಆದಾಯ, ಅಪ್ಪನ ಆದಾಯ ಮಾತ್ರವಲ್ಲ. ಅರ್ಜಿಯ ಕೊನೆಯಲ್ಲಿ ಸುಳ್ಳು ಹೇಳಿದರೆ ಶಿಕ್ಷೆಗೆ ಗುರಿಯಾಗುತ್ತೇನೆಂಬ ಪ್ರಮಾಣಕ್ಕೆ ಸಹಿ ಹಾಕಬೇಕಾಗುತ್ತದೆ ಎಂಬುದನ್ನು ಮರೆಯಬಾರದು. ಅದೇ ತಂದೆಗೆ ಅವರದೇ ಹೆಸರಿನಲ್ಲಿ ಮೆಡಿಕೇಡ್ ಅಥವಾ ಎಸ್‌ಎಸ್‌ಐ ಕ್ರಮಬದ್ಧವಾಗಿ ಸಿಗುತ್ತಿದ್ದರೆ ಮೊದಲ ದಾರಿ ತೆರೆದಿರುತ್ತದೆ. ಎರಡು ದಾರಿಗಳ ನಡುವಿನ ಈ ವ್ಯತ್ಯಾಸವನ್ನು ಮೇಜಿನ ಮುಂದಿನ ಯುವಕ ಬಿಡಿಸಿ ಹೇಳುವುದಿಲ್ಲ.

ಕಾಗದಪತ್ರಗಳು, ಮುಖ್ಯವಾಗಿ ಹೆಸರು

ಅರ್ಜಿ ಕೇಳುವುದು ಪೂರ್ಣ ಹೆಸರು, ಹುಟ್ಟಿದ ದಿನಾಂಕ, ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಅಥವಾ ಬುಡಕಟ್ಟಿನ ಗುರುತಿನ ಸಂಖ್ಯೆ, ಮತ್ತು ವಾಸದ ವಿಳಾಸ. ಈ ವಿವರಗಳನ್ನು ನ್ಯಾಷನಲ್ ವೆರಿಫೈಯರ್ ಎಂಬ ಗಣಕ ವ್ಯವಸ್ಥೆ ಸರ್ಕಾರದ ಬೇರೆ ಬೇರೆ ದಾಖಲೆಗಳೊಂದಿಗೆ ಹೋಲಿಸಿ ನೋಡುತ್ತದೆ. ಎಲ್ಲವೂ ತಾಳೆಯಾದರೆ ಅರ್ಜಿ ಕೂತಲ್ಲೇ ಮಂಜೂರಾಗುತ್ತದೆ. ತಾಳೆಯಾಗದಿದ್ದರೆ ಕಾಗದ ಕೇಳುತ್ತದೆ, ಅದನ್ನು ಒದಗಿಸಲು 45 ದಿನಗಳ ಅವಕಾಶವಿರುತ್ತದೆ.

ಕನ್ನಡದವರ ಅರ್ಜಿ ತಾಳೆಯಾಗದೆ ಹೋಗುವುದಕ್ಕೆ ನಾನು ಕಂಡ ದೊಡ್ಡ ಕಾರಣ ಹೆಸರು. ನಮ್ಮ ಹಿರಿಯರ ಹೆಸರಿನಲ್ಲಿ ಊರು, ತಂದೆಯ ಹೆಸರು, ಇನಿಷಿಯಲ್ ಎಲ್ಲ ಇರುತ್ತವೆ, ಅಮೆರಿಕದವರು ಕೇಳುವ ‘ಕೊನೆಯ ಹೆಸರು’ ಮಾತ್ರ ಇರುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟವರ ವೀಸಾದಲ್ಲಿ ಇಡೀ ಹೆಸರು ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’, ಅಂದರೆ ಮೊದಲ ಹೆಸರು ಗೊತ್ತಿಲ್ಲ, ಎಂದು ಅಚ್ಚಾಗುತ್ತದೆ. ಹಾಸನದ ಕಡೆಯ ಹಿರಿಯರೊಬ್ಬರು ಒಂದು ಶನಿವಾರ ಪ್ಲಾಸ್ಟಿಕ್ ಚೀಲದಲ್ಲಿ ತಂದ ಮೂರು ಕಾಗದಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ನೋಡಿದಾಗ, ಸೋಷಿಯಲ್ ಸೆಕ್ಯುರಿಟಿ ಕಾರ್ಡಿನಲ್ಲಿ ಅವರು ‘ಎಫ್‌ಎನ್‌ಯು’ ಆಗಿದ್ದರು, ಮೆಡಿಕೇಡ್ ಪತ್ರದಲ್ಲಿ ತಂದೆಯ ಹೆಸರು ಮುಂದೆ ಬಂದಿತ್ತು, ಬಾಡಿಗೆ ಕರಾರಿನಲ್ಲಿ ಊರಿನ ಹೆಸರಿನ ಮೊದಲಕ್ಷರ ಕೊನೆಗೆ ಹೋಗಿ ಕೂತಿತ್ತು. ಗಣಕದ ಕಣ್ಣಿಗೆ ಅವರು ಮೂವರು. ಇಂಥ ಸಂದರ್ಭದಲ್ಲಿ ಅರ್ಜಿಯಲ್ಲಿ ಸೋಷಿಯಲ್ ಸೆಕ್ಯುರಿಟಿ ಕಾರ್ಡಿನಲ್ಲಿರುವ ಹಾಗೆಯೇ, ಅದೇ ಅನುಕ್ರಮದಲ್ಲಿ, ಅದೇ ಕಾಗುಣಿತದಲ್ಲಿ ಹೆಸರು ಬರೆಯಿರಿ. ಮನಸ್ಸಿಗೆ ಇಷ್ಟವಿಲ್ಲದಿದ್ದರೂ ‘ಎಫ್‌ಎನ್‌ಯು’ವನ್ನೂ ಬಿಡಬೇಡಿ. ಇತರ ಕಾಗದಗಳನ್ನು ಬಿಡುವಾದಾಗ ಆಯಾ ಕಚೇರಿಯಲ್ಲಿ ಸರಿಪಡಿಸಿಕೊಳ್ಳಬಹುದು. ಲೈಫ್‌ಲೈನ್ ಮಾತ್ರವಲ್ಲ, ಮುಂದೆ ಎಲ್ಲದಕ್ಕೂ ಅದು ಒದಗುತ್ತದೆ.

ಕಾರ್ಯಕ್ರಮದ ದಾರಿಯಲ್ಲಿ ಬಂದವರು ಕೊಡಬೇಕಾದದ್ದು ಆ ಕಾರ್ಯಕ್ರಮದ ಮಂಜೂರಾತಿ ಪತ್ರ ಅಥವಾ ಸೌಲಭ್ಯ ದೃಢೀಕರಣ ಪತ್ರ. ಅದರಲ್ಲಿ ಫಲಾನುಭವಿಯ ಹೆಸರು, ಕಾರ್ಯಕ್ರಮದ ಹೆಸರು, ಕೊಟ್ಟ ಕಚೇರಿಯ ಹೆಸರು, ಮತ್ತು ಕಳೆದ 12 ತಿಂಗಳೊಳಗಿನ ದಿನಾಂಕ ಅಥವಾ ಇನ್ನೂ ಮುಗಿಯದ ಅವಧಿ, ಇಷ್ಟೂ ಕಾಣಬೇಕು. ಸ್ನ್ಯಾಪ್ ನೆರವಿಗಾಗಿ ದಿನಸಿ ಅಂಗಡಿಯಲ್ಲಿ ಉಜ್ಜುವ ಕಾರ್ಡಿನ ಫೋಟೋ ಕಳುಹಿಸಿ ತಿರಸ್ಕೃತರಾಗುವವರು ಬಹಳ, ಏಕೆಂದರೆ ಹಲವು ಕಾರ್ಡುಗಳ ಮೇಲೆ ಹೆಸರಾಗಲಿ ದಿನಾಂಕವಾಗಲಿ ಇರುವುದೇ ಇಲ್ಲ. ಆದಾಯದ ದಾರಿಯವರು ಹಿಂದಿನ ವರ್ಷದ ತೆರಿಗೆ ವಿವರಣೆ, ಸತತ ಮೂರು ತಿಂಗಳ ಸಂಬಳದ ಚೀಟಿಗಳು, ಸೋಷಿಯಲ್ ಸೆಕ್ಯುರಿಟಿ ಅಥವಾ ಪಿಂಚಣಿ ಪತ್ರ, ನಿರುದ್ಯೋಗ ಭತ್ಯೆಯ ಪತ್ರ, ಇವುಗಳಲ್ಲಿ ತಮಗೆ ಸಲ್ಲುವುದನ್ನು ಕೊಡಬಹುದು. ಒಂದೇ ತಿಂಗಳ ಚೀಟಿ ಸಾಲದು.

ವಿಳಾಸದ ವಿಷಯದಲ್ಲಿ ಅಪಾರ್ಟ್‌ಮೆಂಟ್ ಸಂಖ್ಯೆ ಬಿಟ್ಟುಹೋದರೆ ನೆರೆಯವರ ಸೌಲಭ್ಯವೇ ನಿಮ್ಮದೆಂದು ವ್ಯವಸ್ಥೆ ತಪ್ಪು ತಿಳಿಯಬಹುದು. ಅಂಚೆ ಪೆಟ್ಟಿಗೆಯ ಸಂಖ್ಯೆಯನ್ನು ಪತ್ರ ತರಿಸಿಕೊಳ್ಳಲು ಕೊಡಬಹುದು, ವಾಸದ ವಿಳಾಸವಾಗಿ ಕೊಡುವಂತಿಲ್ಲ.

ಅರ್ಜಿಯಿಂದ ಫೋನಿನವರೆಗೆ

ಅರ್ಜಿ ಹಾಕುವ ಅಧಿಕೃತ ಜಾಲತಾಣ ಲೈಫ್‌ಲೈನ್‌ಸಪೋರ್ಟ್ ಡಾಟ್ ಆರ್ಗ್. ಅಲ್ಲಿ ಮೊದಲೇ ರಾಜ್ಯ ಯಾವುದೆಂದು ಕೇಳಿ ಆಯಾ ರಾಜ್ಯಕ್ಕೆ ತಕ್ಕ ದಾರಿಯನ್ನು ತೋರಿಸುತ್ತಾರೆ. ಕ್ಯಾಲಿಫೋರ್ನಿಯಾ, ಟೆಕ್ಸಸ್, ಆರಿಗಾನ್ ರಾಜ್ಯಗಳು ಬಹುಕಾಲದಿಂದ ತಮ್ಮದೇ ಪದ್ಧತಿ ಇಟ್ಟುಕೊಂಡಿರುವುದರಿಂದ ಅಲ್ಲಿನವರು ಬೇರೆ ರಾಜ್ಯದ ಬಂಧುಗಳ ಅನುಭವವನ್ನು ತಮಗೂ ಅನ್ವಯಿಸಿಕೊಳ್ಳಬಾರದು. ಕ್ಯಾಲಿಫೋರ್ನಿಯಾದ ಲೈಫ್‌ಲೈನ್ ಕಾಗದಗಳು ಗುಲಾಬಿ ಬಣ್ಣದ ಲಕೋಟೆಯಲ್ಲಿ ಬರುವುದು ರೂಢಿ. ಆ ಲಕೋಟೆಯನ್ನು ಜಾಹೀರಾತೆಂದು ಕಸಕ್ಕೆ ಹಾಕಿದವರು ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಕಂಪ್ಯೂಟರ್ ಬಾರದವರು ಅರ್ಜಿಯನ್ನು ಮುದ್ರಿಸಿ ಅಂಚೆಯಲ್ಲಿ ಕಳುಹಿಸಬಹುದು ಅಥವಾ ಕಂಪನಿಯ ಮೂಲಕವೂ ಹಾಕಬಹುದು. ಅರ್ಜಿ ಇಂಗ್ಲಿಷ್ ಮತ್ತು ಸ್ಪ್ಯಾನಿಷ್‌ನಲ್ಲಿ ಇದೆ, ಕನ್ನಡದಲ್ಲಿ ಇಲ್ಲ. ಸಹಾಯವಾಣಿ 1-800-234-9473. ಹಿರಿಯರ ಪರವಾಗಿ ಮಕ್ಕಳು ಕರೆ ಮಾಡುವಾಗ ಹಿರಿಯರು ಪಕ್ಕದಲ್ಲೇ ಕುಳಿತು ಒಪ್ಪಿಗೆ ಹೇಳುವಂತಿದ್ದರೆ ಕೆಲಸ ಬೇಗ ಸಾಗುತ್ತದೆ.

ಮಂಜೂರಾತಿ ಬಂದ ಮೇಲೆ ಕೆಲಸ ಮುಗಿಯಿತೆಂದು ಕೂತವರೂ ಇದ್ದಾರೆ. ಮಂಜೂರಾದದ್ದು ನಿಮ್ಮ ಅರ್ಹತೆ ಮಾತ್ರ. ಅಲ್ಲಿಂದ 90 ದಿನಗಳೊಳಗೆ ನೀವೇ ಒಂದು ಕಂಪನಿಯನ್ನು ಆರಿಸಿ ಅದರಲ್ಲಿ ನೋಂದಾಯಿಸಿಕೊಳ್ಳಬೇಕು, ಇಲ್ಲವಾದರೆ ಮತ್ತೆ ಅರ್ಜಿ. ಅದೇ ಜಾಲತಾಣದಲ್ಲಿ ಜಿಪ್ ಕೋಡ್ ಹಾಕಿದರೆ ನಿಮ್ಮ ಪ್ರದೇಶದಲ್ಲಿ ಸೇವೆ ಕೊಡುವ ಕಂಪನಿಗಳ ಪಟ್ಟಿ ಬರುತ್ತದೆ. ಸೇಫ್‌ಲಿಂಕ್ ವೆರೈಜನ್‌ಗೆ ಸೇರಿದ್ದು, ಅಶ್ಯೂರೆನ್ಸ್ ವೈರ್‌ಲೆಸ್ ಟಿ-ಮೊಬೈಲ್‌ಗೆ ಸೇರಿದ್ದು. ಇವಲ್ಲದೆ ರಾಜ್ಯಕ್ಕೊಂದರಂತೆ ಚಿಕ್ಕ ಕಂಪನಿಗಳೂ ಇವೆ.

ಕಂಪನಿಯನ್ನು ಆರಿಸುವಾಗ ಜನ ಕೇಳುವುದು ‘ಯಾವ ಫೋನ್ ಕೊಡುತ್ತೀರಿ’ ಎಂದು. ನನ್ನ ಅಭಿಪ್ರಾಯದಲ್ಲಿ ಅದು ಕೊನೆಯ ಪ್ರಶ್ನೆಯಾಗಬೇಕು. ಯಾರ ಟವರಿನ ಮೇಲೆ ಈ ಸೇವೆ ನಡೆಯುತ್ತದೆ, ಆ ಜಾಲದ ಸಿಗ್ನಲ್ ನಿಮ್ಮ ಮಲಗುವ ಕೋಣೆಯಲ್ಲಿ ಸಿಗುತ್ತದೆಯೇ ಎಂಬುದನ್ನು ನೆರೆಯವರ ಫೋನಿನಿಂದ ಪರೀಕ್ಷಿಸಿ ತಿಳಿದುಕೊಳ್ಳುವುದು ಮೊದಲ ಕೆಲಸ. ನಿಯಮದ ಪ್ರಕಾರ ಲೈಫ್‌ಲೈನ್ ಹಣ ಪಡೆಯುವ ಮೊಬೈಲ್ ಕರೆ ಯೋಜನೆಯಲ್ಲಿ ತಿಂಗಳಿಗೆ ಕನಿಷ್ಠ 1,000 ನಿಮಿಷ, ಡೇಟಾ ಯೋಜನೆಯಲ್ಲಿ ಕನಿಷ್ಠ 4.5 ಜಿಬಿ ಇರಬೇಕು. ಅದಕ್ಕಿಂತ ಹೆಚ್ಚು ಯಾರು ಕೊಡುತ್ತಾರೆ, ಡೇಟಾ ಮುಗಿದ ಮೇಲೆ ವೇಗ ಇಳಿಸುತ್ತಾರೋ ಪೂರ್ತಿ ನಿಲ್ಲಿಸುತ್ತಾರೋ ಕೇಳಿ. ವಾಟ್ಸಾಪ್ ವಿಡಿಯೋದಲ್ಲಿ ಊರಿನ ಮೊಮ್ಮಗುವನ್ನು ದಿನವೂ ನೋಡುವವರಿಗೆ 4.5 ಜಿಬಿ ತಿಂಗಳ ಮಧ್ಯದಲ್ಲೇ ಬರಿದಾಗುತ್ತದೆ. ಭಾರತಕ್ಕೆ ನೇರ ಕರೆ ಇಂಥ ಯೋಜನೆಗಳಲ್ಲಿ ಸೇರಿರುತ್ತದೆ ಎಂದು ಭಾವಿಸಬೇಡಿ. ಬರೆದುಕೊಟ್ಟರೆ ಮಾತ್ರ ನಂಬಿ.

ಫೋನ್ ಈಗಾಗಲೇ ಇದ್ದವರು ಬರೀ ಸಿಮ್ ತರಿಸಿಕೊಳ್ಳಬಹುದು, ಎಷ್ಟೋ ಸಲ ಅದೇ ಉತ್ತಮ. ಆದರೆ ಊರಿನಿಂದ ತಂದ ಹಳೆಯ ಫೋನಿಗೆ ಆ ಸಿಮ್ ಹಾಕುವ ಮುನ್ನ ಅದರ ಐಎಂಇಐ ಸಂಖ್ಯೆಯನ್ನು, ಅಂದರೆ ಪ್ರತಿ ಫೋನಿಗೂ ಬೇರೆಯಾಗಿರುವ ಗುರುತಿನ ಸಂಖ್ಯೆಯನ್ನು, ಕಂಪನಿಗೆ ಕೊಟ್ಟು ಹೊಂದುತ್ತದೆಯೇ ಎಂದು ಕೇಳಿ, ಏಕೆಂದರೆ ಇಲ್ಲಿನ ದೊಡ್ಡ ಕಂಪನಿಗಳು 2022ರಲ್ಲಿ 3ಜಿ ಜಾಲವನ್ನು ಮುಚ್ಚಿದ್ದರಿಂದ, ಇಲ್ಲಿನ 4ಜಿ ತರಂಗಾಂತರಗಳಲ್ಲಿ ಕರೆ ಸಾಗಿಸಲಾರದ ಫೋನಿನಲ್ಲಿ ಡೇಟಾ ಬಂದರೂ ಕರೆ ಹೋಗದಿರಬಹುದು. ಈಗಿರುವ ಸಂಖ್ಯೆಯನ್ನೇ ಉಳಿಸಿಕೊಳ್ಳಬೇಕೆಂದರೆ ಹಳೆಯ ಕಂಪನಿಯಿಂದ ಖಾತೆ ಸಂಖ್ಯೆ ಮತ್ತು ವರ್ಗಾವಣೆಯ ಪಿನ್ ಪಡೆದುಕೊಂಡು, ಹಳೆಯ ಸಂಪರ್ಕ ಜೀವಂತವಿರುವಾಗಲೇ ಹೊಸ ಕಂಪನಿಗೆ ಕೊಡಬೇಕು. ಮೊದಲೇ ರದ್ದುಮಾಡಿದರೆ ಸಂಖ್ಯೆ ಕೈತಪ್ಪುತ್ತದೆ.

ಬೀದಿಯ ಮೇಜುಗಳ ವಿಷಯಕ್ಕೆ ಬರುವುದಾದರೆ, ಅಲ್ಲಿ ನಿಂತವರೆಲ್ಲ ಮೋಸಗಾರರಲ್ಲ. ಕಂಪನಿಗಳ ಪರವಾಗಿ ಅರ್ಜಿ ತುಂಬುವ ಪ್ರತಿನಿಧಿಗಳು ಯುಎಸ್‌ಎಸಿಯಲ್ಲಿ ನೋಂದಣಿ ಮಾಡಿಕೊಂಡಿರಬೇಕೆಂಬ ನಿಯಮವಿದೆ. ಆದರೂ ಟ್ಯಾಬ್ಲೆಟ್ಟನ್ನು ನಿಮ್ಮ ಕೈಗೆ ಕೊಡದೆ ಅವರೇ ಎಲ್ಲಕ್ಕೂ ಟಿಕ್ ಹಾಕುತ್ತಿದ್ದರೆ, ನಿಮಗಿಲ್ಲದ ಸ್ನ್ಯಾಪ್ ಇದೆಯೆಂದು ಬರೆಯುತ್ತಿದ್ದರೆ, ಎದ್ದು ಬನ್ನಿ, ಸಹಿ ನಿಮ್ಮದಾಗಿರುತ್ತದೆ. ಅರ್ಜಿಗೆ ಶುಲ್ಕವಿಲ್ಲ, ಬ್ಯಾಂಕ್ ಖಾತೆಯ ವಿವರವೂ ಬೇಕಾಗುವುದಿಲ್ಲ. ‘ತಿಂಗಳಿಗೆ 30 ಡಾಲರ್ ಇಂಟರ್‌ನೆಟ್ ನೆರವು’ ಎಂದು ಯಾರಾದರೂ ಕರೆ ಮಾಡಿದರೆ ಅದು ಎಸಿಪಿ ಎಂಬ ಬೇರೆ ಯೋಜನೆಯ ಹೆಸರಿನಲ್ಲಿ ಹೂಡುವ ಬಲೆ. ಹಣ ಮುಗಿದು 2024ರ ಜೂನ್ 1ರಂದು ಆ ಯೋಜನೆಯೇ ನಿಂತುಹೋಗಿದೆ. ಕಂಪನಿಗಳೂ ತಪ್ಪು ಮಾಡದಿರುವುದಿಲ್ಲ: ಲೈಫ್‌ಲೈನ್ ನಿಧಿಗೆ ವಂಚಿಸಿದ ಪ್ರಕರಣದಲ್ಲಿ ಕ್ಯೂ ಲಿಂಕ್ ವೈರ್‌ಲೆಸ್ ಎಂಬ ಕಂಪನಿ 2024ರ ಅಕ್ಟೋಬರ್‌ನಲ್ಲಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು.

ಸಿಕ್ಕಿದ್ದನ್ನು ಉಳಿಸಿಕೊಳ್ಳುವುದು

ಪಡೆಯುವುದಕ್ಕಿಂತ ಉಳಿಸಿಕೊಳ್ಳುವುದರಲ್ಲೇ ಹೆಚ್ಚಿನವರು ಸೋಲುತ್ತಾರೆ. ಬಿಲ್ಲಿಲ್ಲದ ಲೈಫ್‌ಲೈನ್ ಯೋಜನೆಯಲ್ಲಿ 30 ದಿನ ಸತತವಾಗಿ ಫೋನ್ ಬಳಸದಿದ್ದರೆ ಕಂಪನಿ 15 ದಿನಗಳ ಎಚ್ಚರಿಕೆ ಕೊಟ್ಟು, ಆಗಲೂ ಬಳಸದಿದ್ದರೆ ಸಂಪರ್ಕ ಕಡಿಯಬೇಕೆಂಬುದು ನಿಯಮ. ಒಂದು ಕರೆ ಮಾಡುವುದು, ಒಂದು ಸಂದೇಶ ಕಳುಹಿಸುವುದು, ಡೇಟಾ ಬಳಸುವುದು, ಕಂಪನಿಯವರದಲ್ಲದ ಕರೆಗೆ ಉತ್ತರಿಸುವುದು, ಇವೆಲ್ಲ ಬಳಕೆಯೆಂದೇ ಲೆಕ್ಕ. ಮನೆಯ ವೈಫೈಯಲ್ಲಿ ಗಂಟೆಗಟ್ಟಲೆ ವಾಟ್ಸಾಪ್ ಮಾತಾಡಿದರೆ ಅದು ಈ ಲೆಕ್ಕಕ್ಕೆ ಬರುತ್ತದೆಯೆಂದು ನೆಚ್ಚಿಕೊಳ್ಳಬೇಡಿ, ಅದು ಕಂಪನಿಯ ಜಾಲದ ಮೂಲಕ ಹೋಗಿರುವುದಿಲ್ಲ. ವಾರಕ್ಕೊಮ್ಮೆ ಮಗಳಿಗೆ ಒಂದು ಸಾದಾ ಎಸ್‌ಎಂಎಸ್ ಕಳುಹಿಸುವ ಅಭ್ಯಾಸ ಸಾಕು.

ನಮ್ಮ ಚಿಕ್ಕಪ್ಪನವರು ಒಂದು ಚಳಿಗಾಲ ಮೈಸೂರಿಗೆ ಹೋಗುವಾಗ ಈ ಫೋನನ್ನು ಮೇಜಿನ ಡ್ರಾಯರ್‌ನಲ್ಲಿಟ್ಟು ಹೋದರು. ಮೂರು ತಿಂಗಳ ನಂತರ ಬಂದು ಚಾರ್ಜ್‌ಗೆ ಹಾಕಿದರೆ ಸಿಮ್ ಸತ್ತಿತ್ತು, ಅವರ ಬ್ಯಾಂಕು, ಔಷಧಿ ಅಂಗಡಿ, ವೈದ್ಯರ ಕಚೇರಿ ಎಲ್ಲವೂ ಆ ಸಂಖ್ಯೆಗೇ ಒಟಿಪಿ ಕಳುಹಿಸುತ್ತಿದ್ದವು. ಅರ್ಜಿ ತುಂಬಿಕೊಟ್ಟವನು ನಾನೇ ಆದ್ದರಿಂದ, ಹೋಗುವ ಮುನ್ನ ಎಚ್ಚರಿಸದ ತಪ್ಪೂ ನನ್ನದೇ. ಒಂದು ತಿಂಗಳಿಗೂ ಮೀರಿ ಊರಿಗೆ ಹೋಗುವವರು ಹೊರಡುವ ಮುನ್ನ ಆ ಸಂಖ್ಯೆಯನ್ನು ಅಗ್ಗದ ಪ್ರೀಪೇಯ್ಡ್ ಸಂಪರ್ಕವೊಂದಕ್ಕೆ ವರ್ಗಾಯಿಸಿಕೊಂಡು, ತಿರುಗಿ ಬಂದ ಮೇಲೆ ಲೈಫ್‌ಲೈನ್‌ಗೆ ಹೊಸದಾಗಿ ಅರ್ಜಿ ಹಾಕುವುದು ಕ್ರಮಬದ್ಧ ದಾರಿ.

ಇನ್ನೊಂದು ವಾರ್ಷಿಕ ಮರುದೃಢೀಕರಣ. ವರ್ಷಕ್ಕೊಮ್ಮೆ ನೀವು ಇನ್ನೂ ಅರ್ಹರೇ ಎಂದು ವ್ಯವಸ್ಥೆ ತಾನೇ ದಾಖಲೆಗಳಲ್ಲಿ ಹುಡುಕುತ್ತದೆ. ಸಿಗದಿದ್ದರೆ ಪತ್ರ ಬರುತ್ತದೆ, ಉತ್ತರಿಸಲು 60 ದಿನ. ಪೀಟ್ಜಾ ಕೂಪನ್ನುಗಳ ರಾಶಿಯಲ್ಲಿ ಆ ಪತ್ರ ಕಳೆದುಹೋಗುವುದೇ ಹೆಚ್ಚು, ಹಾಗಾಗಿ ಸೇವೆ ಆರಂಭವಾದ ದಿನಾಂಕವನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತಿಸಿ, ಅದಕ್ಕೆ ಮೂರು ತಿಂಗಳ ಹಿಂದಿನಿಂದಲೇ ಅಂಚೆಯನ್ನು ಬಿಚ್ಚಿ ನೋಡುತ್ತಿರಿ. ಮನೆ ಬದಲಿಸಿದರೆ 30 ದಿನಗಳೊಳಗೆ ಕಂಪನಿಗೆ ತಿಳಿಸಬೇಕು. ಆದಾಯ ಏರಿ ಅರ್ಹತೆ ತಪ್ಪಿದರೂ ಅಷ್ಟೇ ದಿನಗಳೊಳಗೆ ನಾವೇ ಹೇಳಬೇಕು.

ವಲಸಿಗರ ಒಂದು ಸಂದೇಹ, ಹೆಂಗಸರಿಗೆ ಒಂದು ದಾರಿ

‘ಇದನ್ನು ತೆಗೆದುಕೊಂಡರೆ ಗ್ರೀನ್ ಕಾರ್ಡಿಗೆ ತೊಂದರೆಯಾಗುತ್ತದೆಯೇ’ ಎಂಬುದು ನಮ್ಮವರು ದನಿ ತಗ್ಗಿಸಿ ಕೇಳುವ ಪ್ರಶ್ನೆ. ಅರ್ಜಿದಾರರು ಸರ್ಕಾರದ ನೆರವನ್ನೇ ನೆಚ್ಚಿ ಬದುಕುವವರಾಗಬಹುದೇ ಎಂದು ನೋಡುವ, 2022ರ ಡಿಸೆಂಬರಿನಲ್ಲಿ ಜಾರಿಗೆ ಬಂದ ‘ಪಬ್ಲಿಕ್ ಚಾರ್ಜ್’ ನಿಯಮ ಲೆಕ್ಕಕ್ಕೆ ಹಿಡಿಯುವುದು ಎಸ್‌ಎಸ್‌ಐನಂಥ ನಗದು ನೆರವನ್ನು ಮತ್ತು ಸರ್ಕಾರದ ಖರ್ಚಿನ ದೀರ್ಘಕಾಲದ ಆಸ್ಪತ್ರೆ ಅಥವಾ ಆಶ್ರಮವಾಸವನ್ನು; ಲೈಫ್‌ಲೈನ್ ಅದರಲ್ಲಿಲ್ಲ. ಆದರೆ ಆ ನಿಯಮವನ್ನು ಹಿಂತೆಗೆದುಕೊಳ್ಳುವ ಪ್ರಸ್ತಾವ 2025ರ ನವೆಂಬರಿನಲ್ಲಿ ಬಂದಿರುವುದರಿಂದ, ಗ್ರೀನ್ ಕಾರ್ಡಿನ ಅರ್ಜಿ ಇನ್ನೂ ಬಾಕಿ ಇರುವವರು ವಲಸೆ ವಕೀಲರನ್ನು ಕೇಳದೆ ಯಾವ ಸರ್ಕಾರಿ ನೆರವಿಗೂ ಸಹಿ ಹಾಕದಿರುವುದು ಜಾಣತನ. ವಿದ್ಯಾರ್ಥಿ ವೀಸಾದಲ್ಲಿರುವ ಮಕ್ಕಳು ಬೀದಿಯ ಮೇಜಿನತ್ತ ಹೋಗುವ ಮುನ್ನ ತಮ್ಮ ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲಿ ವಿಚಾರಿಸಲಿ. ತಿಂಗಳಿಗೆ ಒಂಬತ್ತು ಡಾಲರ್ ಉಳಿಸಲು ಅವರು ಅಷ್ಟು ಆತುರಪಡಬೇಕಾಗಿಲ್ಲ.

ಮನೆಯೊಳಗಿನ ಹಿಂಸೆಗೆ ಸಿಕ್ಕಿ, ಫೋನೂ ಗಂಡನ ಫ್ಯಾಮಿಲಿ ಪ್ಲಾನಿನಲ್ಲೇ ಇರುವುದರಿಂದ ಯಾರಿಗೆ ಕರೆ ಮಾಡಿದರೂ ಅವನಿಗೆ ತಿಳಿಯುತ್ತದೆಂಬ ಭಯದಲ್ಲಿರುವ ಹೆಂಗಸರಿಗಾಗಿ 2022ರ ಸೇಫ್ ಕನೆಕ್ಷನ್ಸ್ ಕಾಯ್ದೆ ಬೇರೆಯದೇ ದಾರಿ ತೆರೆದಿದೆ. ಹಿಂಸೆಯ ಬಗ್ಗೆ ಪೊಲೀಸ್ ವರದಿ, ನ್ಯಾಯಾಲಯದ ಆದೇಶ, ವೈದ್ಯರ ಅಥವಾ ನೆರವು ಸಂಸ್ಥೆಯ ಪತ್ರ ಇಂಥದ್ದೊಂದರೊಂದಿಗೆ ಕೋರಿಕೆ ಕೊಟ್ಟರೆ, ಕಂಪನಿ ಎರಡು ಕೆಲಸದ ದಿನಗಳೊಳಗೆ ಆಕೆಯ ಮತ್ತು ಮಕ್ಕಳ ಸಂಖ್ಯೆಗಳನ್ನು ಆ ಪ್ಲಾನಿನಿಂದ ಬೇರ್ಪಡಿಸಿಕೊಡಬೇಕು. ಆ ಬಳಿಕ ಹಣದ ಅಡಚಣೆಯಿದ್ದರೆ ಆರು ತಿಂಗಳವರೆಗೆ ತುರ್ತು ಲೈಫ್‌ಲೈನ್ ಸಿಗುತ್ತದೆ, ಇದಕ್ಕೆ ಆದಾಯದ ಮಿತಿ ಮಾಮೂಲಿಗಿಂತ ಸಡಿಲ. ಅರ್ಜಿಯಲ್ಲಿ ಗಂಡನಿಗೆ ತಿಳಿಯದ ಅಂಚೆ ವಿಳಾಸ ಮತ್ತು ಇಮೇಲ್ ಕೊಡಬೇಕು. ನ್ಯೂಜೆರ್ಸಿಯ ಮಾನವಿ, ನ್ಯೂಯಾರ್ಕಿನ ಸಖಿ ದಕ್ಷಿಣ ಏಷ್ಯಾದ ಹೆಂಗಸರಿಗಾಗಿಯೇ ದಶಕಗಳಿಂದ ಕೆಲಸ ಮಾಡುತ್ತಿರುವ ಸಂಸ್ಥೆಗಳು. ದೇಶದಾದ್ಯಂತದ ಸಹಾಯವಾಣಿ 1-800-799-7233. ಸಂಪರ್ಕ ಕಡಿದುಹೋದ, ಸಿಮ್ಮೇ ಇಲ್ಲದ ಫೋನಿನಿಂದಲೂ, ಅದು ಯಾವುದಾದರೂ ಜಾಲಕ್ಕೆ ತಗುಲುವಂತಿದ್ದರೆ, ತುರ್ತು ಸಂಖ್ಯೆ 911ಕ್ಕೆ ಕರೆ ಹೋಗುತ್ತದೆ. ಆದರೆ ಅವರು ತಿರುಗಿ ಕರೆ ಮಾಡಲಾರರು, ಆದ್ದರಿಂದ ಮೊದಲ ಮಾತಿನಲ್ಲೇ ವಿಳಾಸ ಹೇಳಬೇಕು.

ಕಂಪನಿ ಸುಮ್ಮನೆ ಸಂಪರ್ಕ ಕಡಿದರೆ, ನಿಮ್ಮನ್ನು ಕೇಳದೆ ಸೌಲಭ್ಯವನ್ನು ಇನ್ನೊಂದು ಕಂಪನಿಗೆ ವರ್ಗಾಯಿಸಿದ್ದು ಗೊತ್ತಾದರೆ, ಮೊದಲು ಲೈಫ್‌ಲೈನ್ ಸಹಾಯವಾಣಿಗೆ ಕರೆ ಮಾಡಿ ದಾಖಲೆಯಲ್ಲಿ ಯಾವ ಕಂಪನಿಯ ಹೆಸರಿದೆ ಎಂದು ಕೇಳಿ. ಬಳಿಕ ಎಫ್‌ಸಿಸಿಯ ದೂರು ವಿಭಾಗಕ್ಕೆ 1-888-225-5322ರಲ್ಲಿ ಅಥವಾ ಅದರ ಜಾಲತಾಣದಲ್ಲಿ ದೂರು ಕೊಡಬಹುದು, ಅದಕ್ಕೂ ಶುಲ್ಕವಿಲ್ಲ. ದೂರು ಕೊಡುವಾಗ ಅರ್ಜಿ ಸಂಖ್ಯೆ, ಸೇವೆ ಆರಂಭವಾದ ದಿನಾಂಕ ಮತ್ತು ಫೋನ್ ಬಂದ ಡಬ್ಬಿಯ ಮೇಲಿನ ಐಎಂಇಐ ಸಂಖ್ಯೆ ಬೇಕಾಗುತ್ತವೆ. ಡಬ್ಬಿಯನ್ನು ಎಸೆಯುವ ಮುನ್ನ ಅದರ ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಆ ಫೋನಿನಲ್ಲಲ್ಲ, ಬೇರೆಯವರ ಫೋನಿನಲ್ಲಿ.